ಬೊಂತೆಗೊಂದು ಗ್ರೀಕ್ ಹೆಸರು

ಮಕ್ಕಳ ಡಾಕ್ಟರು ಚೀಟಿಯಲ್ಲಿ ಗೀಚಿದ್ದನ್ನು ಕೂಡಿಸಿ ಓದಿದಾಗ ಎದೆ ಧಸಕ್ಕೆಂದಿತು. ನಾಕ್ಟರ್ನಲ್ ಎನ್ಯುರೆಸಿಸ್. ಏಳು ವರ್ಷದ ಮಗನಿಗೆ ಇಷ್ಟುದ್ದದ ಕಾಯಿಲೆಯೇ? ‘ಗಾಬರಿ ಏನಿಲ್ಲ, ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಳ್ಳೋದು ಅಷ್ಟೇ’ ಎಂದರು ಮೇಡಂ. ಅದನ್ನು ಹೇಳಲೆಂದೇ ನಾವು ಅಲ್ಲಿಗೆ ಹೋಗಿದ್ದು! ನಮ್ಮ ಮಾತನ್ನೇ ಗ್ರೀಕಿನಲ್ಲಿ ಒಗೆದು ಇಸ್ತ್ರಿ ಮಾಡಿ ವಾಪಸು ಕೊಟ್ಟಿದ್ದರು, ಫೀಸು ಬೇರೆ.

ಮಂಡಿಕಲ್ಲಿನ ನಮ್ಮ ಮನೆಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ, ಕ್ರಿಯಾಪದ ಮಾತ್ರ ಇತ್ತು. ‘ಹೊಯ್ಕೊಂಡೇನೋ?’ ಎಂದು ಅಜ್ಜಿ ಬೆಳಗ್ಗೆ ಕೇಳುತ್ತಿದ್ದಳು, ಹಾಲಿನವನು ಬಂದನಾ ಎಂದು ಕೇಳಿದಷ್ಟೇ ಸಲೀಸಾಗಿ. ನಮ್ಮ ಕಡೆ ಅರ್ಧ ಮಾತು ತೆಲುಗು. ಈ ವಿಷಯದಲ್ಲಿ ಮಾತ್ರ ಗಡಿ ತಕರಾರಿಲ್ಲ. ಕನ್ನಡದ ಉಚ್ಚೆ ಅವರಿಗೆ ಉಚ್ಚ. ಆಯುರ್ವೇದದವರ ‘ಶಯ್ಯಾಮೂತ್ರ’ ಕೇಳಿದರೆ ಯಾವುದೋ ಶ್ಲೋಕದ ಎರಡನೇ ಪಾದದ ಹಾಗಿದೆ. ಗ್ರೀಕಿನದನ್ನು ಬಿಡಿಸಿ ನೋಡಿದೆ: ‘ಎನ್’ ಅಂದರೆ ಒಳಗೆ, ‘ಊರೆಯಿನ್’ ಅಂದರೆ ಉಚ್ಚೆ ಹೊಯ್ಯುವುದು. ಅಜ್ಜಿಗಿಂತ ಒಂದಕ್ಷರ ಹೆಚ್ಚಿನ ನಾಜೂಕೂ ಇಲ್ಲ.

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಎಲ್ಲ ನಂದಿಯ ಬೆಟ್ಟಸಾಲಿನಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆ ನಮ್ಮದು. ತಪ್ಪದೆ ಹರಿಯುತ್ತಿದ್ದವನು ನಾನೊಬ್ಬನೇ. ಒಲೆ ಮುಂದೆ ಕೊಳ್ಳಿ ಹಿಡಿದು ಕೂತರೆ ‘ಬೆಂಕಿ ಜೊತೆ ಆಟ ಆಡಬೇಡ, ರಾತ್ರಿ ಹೊಯ್ಕೋತೀಯ’ ಎಂದು ಬೈಗುಳ. ಒಂದು ವಾರ ಬೆಂಕಿಪೊಟ್ಟಣವನ್ನೂ ಮುಟ್ಟದೆ ವ್ರತ ಹಿಡಿದೆ. ನಾನು ಮಲಗುವ ಬೊಂತೆಗೆ ಆ ಸುದ್ದಿ ಮುಟ್ಟಲಿಲ್ಲ.

ನಿಜವಾದ ಮೋಸಗಾರ ಕನಸು. ಕನಸಿನಲ್ಲಿ ನಾನು ಮರ್ಯಾದೆಯಾಗಿ ಏಳುತ್ತಿದ್ದೆ, ಅಗುಳಿ ತೆಗೆಯುತ್ತಿದ್ದೆ, ತಣ್ಣನೆಯ ಅಂಗಳ ದಾಟಿ ಹುಣಸೆಮರದ ಬುಡಕ್ಕೆ ಹೋಗಿ ನಿಲ್ಲುತ್ತಿದ್ದೆ. ಆಚೀಚೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಶುರು. ತೊಡೆ ಬೆಚ್ಚಗಾದ ಮೇಲೆ ಗೊತ್ತಾಗುತ್ತಿತ್ತು, ಮರವೊಂದೇ ಕನಸಿನದು ಎಂದು.

ಅಜ್ಜಿಯ ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಆ ಬೊಂತೆ ಅಂಗಳದಲ್ಲಿ ಒಣಗುತ್ತಿತ್ತು. ನಮ್ಮದು ರೇಷ್ಮೆ ಮನೆ. ಹುಳ ಹಣ್ಣಾದಾಗ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟು, ಅದೇ ಅಂಗಳದ ಗೋಡೆಗೆ ಓರೆಯಾಗಿ ಆನಿಸಿ ನಿಲ್ಲಿಸುವರು. ಗೂಡು ಕಟ್ಟುವ ಮೊದಲು ರೇಷ್ಮೆಹುಳ ಒಂದು ಸಲ ಉಚ್ಚೆ ಹೊಯ್ಯುತ್ತದೆ. ಆ ತೇವ ತಗುಲಿದ ಗೂಡಿಗೆ ಕಲೆ. ಕಲೆ ಬಿದ್ದ ಗೂಡಿಗೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಟಿಲ್ಲ. ಅದಕ್ಕೇ ಚಂದ್ರಿಕೆಗೆ ಅಷ್ಟು ಗಾಳಿಯ ಉಪಚಾರ. ಒಮ್ಮೆ ಊರಿಂದ ಬಂದ ಮಾವ ಪಕ್ಕದ ಬೊಂತೆ ನೋಡಿ ನಕ್ಕ. ‘ನಗಬೇಡ ಕಣೋ, ಹುಳಾನೂ ಹೊಯ್ದೇ ಗೂಡು ಕಟ್ಟೋದು’ ಎಂದಳು ಅಜ್ಜಿ, ಅವನ ಮುಖ ನೋಡದೆ, ಬೊಂತೆ ಮಗುಚಿ ಹಾಕುತ್ತಾ.

1938ರಲ್ಲಿ ಅಮೆರಿಕದ ಮೌರರ್ ದಂಪತಿ, ಹಾಸಿಗೆ ಒದ್ದೆಯಾದೊಡನೆ ಗಂಟೆ ಬಾರಿಸುವ ಯಂತ್ರದ ವಿಚಾರ ಪ್ರಕಟಿಸಿದರು. ಇಂದಿಗೂ ಡಾಕ್ಟರುಗಳು ಅದನ್ನು ನೆಚ್ಚುತ್ತಾರೆ. ಅಜ್ಜಿಯ ಯಂತ್ರಕ್ಕೆ ಕರೆಂಟೂ ಬೇಡ, ಗಂಟೆಯೂ ಬೇಡ. ನಡುರಾತ್ರಿ ರಟ್ಟೆ ಹಿಡಿದೆತ್ತಿ, ಅಂಗಳದ ತುದಿಯಲ್ಲಿ ನಿಲ್ಲಿಸಿ, ಹಲ್ಲಿಲ್ಲದ ಬಾಯಲ್ಲಿ ‘ಸ್ಸ್...’ ಎನ್ನುತ್ತಿದ್ದಳು. ನಿಂತಲ್ಲೇ ತೂಕಡಿಸುವ ನನ್ನ ತಲೆ ಅವಳ ಹೊಟ್ಟೆಗೆ ಆತಿರುತ್ತಿತ್ತು. ಸೀರೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಈಗಲೂ ಯಾವ ಹೋಟೆಲಿನಲ್ಲಿ ಮಲಗಿದರೂ ಎರಡು ಗಂಟೆಗೆ ಎಚ್ಚರಾಗುತ್ತದೆ. ಎಬ್ಬಿಸುವವರು ಇಲ್ಲ.

ಮೇಡಂ ವಿವರಿಸುತ್ತಿದ್ದರು. ಐದು ತುಂಬುವವರೆಗೆ ಈ ಹೆಸರನ್ನೇ ಕೊಡುವುದಿಲ್ಲವಂತೆ. ಆಮೇಲೂ ಪ್ರತಿ ವರ್ಷ ನೂರಕ್ಕೆ ಸುಮಾರು 15 ಮಕ್ಕಳಿಗೆ ತಾನಾಗಿ ನಿಲ್ಲುತ್ತದೆ. ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡುವ ವ್ಯಾಸೊಪ್ರೆಸಿನ್ ಹಾರ್ಮೋನು ಕೆಲವು ಮಕ್ಕಳಲ್ಲಿ ಡ್ಯೂಟಿಗೆ ತಡವಾಗಿ ಬರುತ್ತದೆ. ಸೋಮಾರಿತನವಲ್ಲ, ಹಟವೂ ಅಲ್ಲ. ಆರು ತಿಂಗಳು ಒಣಗಿದ್ದು ಮತ್ತೆ ಶುರುವಾದರೆ ಸೆಕೆಂಡರಿ, ಮೊದಲಿನಿಂದ ನಿಂತೇ ಇಲ್ಲದಿದ್ದರೆ ಪ್ರೈಮರಿ.

‘ಹೌದಮ್ಮಾ, ಪ್ರೈಮರೀನೇ’ ಎಂದು ಜೊತೆಗೆ ಬಂದಿದ್ದ ಅಮ್ಮ ಬಾಯಿ ಹಾಕಿದಳು. ‘ಇವನದೂ ಮಿಡ್ಲ್ ಸ್ಕೂಲಿಗೆ ಬರೋಷ್ಟೊತ್ತಿಗೆ ನಿಂತೋಯ್ತು.’

ರೂಮು ನಿಶ್ಶಬ್ದವಾಯಿತು. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 44, ಇಬ್ಬರಿಗೂ ಇದ್ದಿದ್ದರೆ 77 ಎಂದರು ಮೇಡಂ. ‘ನಮ್ಮ ಕಡೆ ಯಾರಿಗೂ ಇರಲಿಲ್ಲ’ ಎಂದು ಹೆಂಡತಿ ಚುರುಕಾಗಿ ಹೇಳಿದಳು. ಮಗ ಮಾತ್ರ ನನ್ನನ್ನು ಮೊದಲ ಸಲ ನೋಡುವವನಂತೆ ಕಣ್ಣರಳಿಸಿ ನೋಡಿದ. ಅಷ್ಟು ಗೌರವ ನನಗೆ ಅವನಿಂದ ಹಿಂದೆಂದೂ ಸಿಕ್ಕಿರಲಿಲ್ಲ.

ಆ ಚೀಟಿ ಇನ್ನೂ ಬೀರುವಿನಲ್ಲಿದೆ. ಕೊನೆಯ ಸಾಲು ‘ಫ್ಯಾಮಿಲಿ ಹಿಸ್ಟರಿ: ತಂದೆ’. ನಮ್ಮ ಮನೆತನದ ಚರಿತ್ರೆಯಲ್ಲಿ ನನ್ನ ಪ್ರಸ್ತಾಪ ಬರವಣಿಗೆಯಲ್ಲಿ ಬಂದಿರುವುದು ಅದೊಂದೇ ಕಡೆ.