ಘಟ್ಟದ ರಾಜನ ದಾರಿ

ನೆರೂಳಿಗೆ ಊರಿನಿಂದ ನೆಂಟರು ಬಂದರೆ ಏನು ತೋರಿಸುವುದೆಂದು ಗೃಹಸ್ಥರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಇಲ್ಲಿ ಕೋಟೆಯಿಲ್ಲ, ಕೊತ್ತಲವಿಲ್ಲ. ಈ ನಗರವನ್ನು ಕಟ್ಟಿದ ಸಿಡ್ಕೋ ಸಂಸ್ಥೆ ಹುಟ್ಟಿದ್ದೇ 1970ರಲ್ಲಿ. ಖಾಡಿಗೆ ಬರುವ ಫ್ಲೆಮಿಂಗೋ ಹಕ್ಕಿಗಳನ್ನು ತೋರಿಸಬಹುದು, ಡಿ. ವೈ. ಪಾಟೀಲ ಕ್ರೀಡಾಂಗಣವನ್ನು ಹೊರಗಿನಿಂದ ತೋರಿಸಬಹುದು. ಅಲ್ಲಿಗೆ ಪಟ್ಟಿ ಮುಗಿಯಿತು. ನನ್ನನ್ನು ಕೇಳಿದರೆ ನೆಂಟರನ್ನು ಎಲ್.ಪಿ. ನಿಲ್ದಾಣದ ಬಳಿಯ ಹೆದ್ದಾರಿಗೆ ಕರೆದೊಯ್ಯಬೇಕು. ನಗಬೇಡಿ. ಲಾರಿಯ ಹೊಗೆ ಕುಡಿಯುವುದಕ್ಕಲ್ಲ; ಮುಂಬಯಿಯಿಂದ ಪುಣೆಗೆ ಹೋಗುವ ದಾರಿ ಅದು, ಮುಂಬಯಿ–ಪುಣೆ ಸೈಕಲ್ ಪಂದ್ಯವೆಂಬ ಹಳೆಯ ಸಾಹಸ ನೆನಪಾಗುವ ಜಾಗ ಅದು.

ಈ ಪಂದ್ಯದ ಬೇರು 1940ರ ದಶಕದಷ್ಟು ಹಿಂದಿನದು. ನಡುನಡುವೆ ನಿಂತದ್ದೂ ಉಂಟು, ಮತ್ತೆ ಎದ್ದದ್ದೂ ಉಂಟು. ಆ ಮೊದಲ ದಿನಗಳಲ್ಲಿ ಪುಣೆಗೆ ಹೊರಟವರು ನೆರೂಳಿನ ಮುಖವನ್ನೇ ಕಂಡಿರಲಾರರು. ವಾಶಿಯ ಸೇತುವೆ ಆದದ್ದು 1973ರಲ್ಲಿ. ಅದಕ್ಕೆ ಮೊದಲು ಠಾಣೆಗೆ ಸುತ್ತು ಹಾಕಿ, ಮುಂಬ್ರಾ, ಶಿಳ್ ಫಾಟಾ ದಾಟಿ ಪನವೇಲ ಸೇರಬೇಕಾಗಿತ್ತು. ಇತ್ತ ನಮ್ಮ ಈ ನೆಲದಲ್ಲಿ ಗದ್ದೆ, ಉಪ್ಪಿನ ಆಗರ, ಕೋಳಿ ಬೆಸ್ತರ ಮನೆಗಳು ಇದ್ದವು. 2002ರಲ್ಲಿ ವೇಗಮಾರ್ಗ ಪೂರ್ತಿ ತೆರೆದ ಮೇಲೆ ಕಾರುಗಳು ಅತ್ತ ತಿರುಗಿದವು. ಸೈಕಲ್ಲಿಗೆ ಅಲ್ಲಿ ಪ್ರವೇಶವಿಲ್ಲ. ಹಳೆಯ ರಸ್ತೆಯೇ ಗತಿ. ಆದರೂ ಖೊಪೋಲಿಯ ಮೇಲೆ ಕೆಲವು ದೂರ ಹಳೆಯದೂ ಹೊಸದೂ ಒಂದೇ ಆಗಿಬಿಡುವುದರಿಂದ ಪಂದ್ಯವೆಂದರೆ ಪೋಲೀಸರಿಗೆ ತಲೆನೋವು.

ಒಟ್ಟು ಸುಮಾರು ನೂರೈವತ್ತು ಕಿಲೋಮೀಟರಿನ ಓಟ. ಇದರಲ್ಲಿ ಖೊಪೋಲಿಯವರೆಗಿನದು ಒಂದು ಆಟ, ಅಲ್ಲಿಂದ ಖಂಡಾಳಾದವರೆಗಿನದು ಇನ್ನೊಂದು. ಬಯಲಿನಲ್ಲಿ ಸವಾರರು ಜೇನುಹುಟ್ಟಿನಂತೆ ಗುಂಪಾಗಿ ಹೋಗುತ್ತಾರೆ. ಮುಂದಿನವನು ಗಾಳಿಯನ್ನು ಸೀಳಿಕೊಡುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡವನಿಗೆ ಶ್ರಮದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ. ಚತುರರು ಹೀಗೆ ಪರರ ಬೆವರಿನಲ್ಲಿ ಪನವೇಲ ದಾಟುತ್ತಾರೆ. ಘಟ್ಟ ಬಂತೆಂದರೆ ಈ ಲೆಕ್ಕ ತಲೆಕೆಳಗು. ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಐನೂರು ಮೀಟರಿನಷ್ಟು ಏರಬೇಕು. ವೇಗ ಇಳಿದಲ್ಲಿ ಗಾಳಿಯ ಮರೆಗೆ ಬೆಲೆಯಿಲ್ಲ. ಅಲ್ಲಿ ಅವರವರ ಕಾಲು, ಅವರವರ ಉಸಿರು. ಮೊದಲು ಮೇಲೇರಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು. ಫ್ರಾನ್ಸಿನ ಪಂದ್ಯದಲ್ಲಿಯೂ 1933ರಿಂದ ಪರ್ವತದ ರಾಜನೊಬ್ಬನಿದ್ದಾನೆ. ನಮ್ಮವನದು ಕಿರಿಯ ಸಂಸ್ಥಾನ, ಅಷ್ಟೇ. ಘಟ್ಟದ ಕೆಳಗಿನವರು, ಘಟ್ಟದ ಮೇಲಿನವರು ಎಂದು ಜನರನ್ನು ವಿಂಗಡಿಸುವ ನಾವು ಕನ್ನಡಿಗರು ಈ ಬಿರುದಿನ ತೂಕವನ್ನು ಬೇಗ ಅರಿಯುತ್ತೇವೆ.

ಇದೇ ಏರಿನಲ್ಲಿ ಶಿಂಗ್ರೋಬಾನ ಗುಡಿಯಿದೆ. ಘಟ್ಟ ಹತ್ತುವ ಜಾಡನ್ನು ಆಂಗ್ಲರಿಗೆ ತೋರಿಸಿಕೊಟ್ಟ ಧನಗರ ಕುರಿಗಾಹಿ ಅವನೆಂದೂ, ಉಪಕಾರಕ್ಕೆ ಪ್ರತಿಯಾಗಿ ಅವರು ಅವನ ಪ್ರಾಣವನ್ನೇ ತೆಗೆದರೆಂದೂ ಐತಿಹ್ಯ. ಗಾಡಿಯವರು ಈಗಲೂ ಅಲ್ಲಿ ಕಾಸು ಹಾಕಿ ಕೈಮುಗಿಯುತ್ತಾರೆ. ಮೇಲೆ 1830ರ ಅಮೃತಾಂಜನ ಸೇತುವೆ ಇತ್ತು. ಜಾಹೀರಾತಿನಿಂದ ಬಂದ ಹೆಸರು. ಮೊಣಕಾಲು ಕಳಚಿಬೀಳುವ ಸ್ಥಳದಲ್ಲಿಯೇ ನೋವಿನ ಔಷಧದ ಹೆಸರು ಕಂಡ ಸವಾರರು ನಕ್ಕರೋ ಅತ್ತರೋ! 2020ರ ಏಪ್ರಿಲಿನಲ್ಲಿ ಅದನ್ನು ಕೆಡವಿದರು.

ಗೆಲ್ಲುವವರ ಬಣ್ಣ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಸ್ವಾತಂತ್ರ್ಯದ ಸುಮಾರಿಗೆ ಮುಂಬಯಿಯ ಸೈಕಲ್ಲೆಂದರೆ ಪಾರಸಿಗಳು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿ ಜೆಹಂಗೂ ಅಮೀನ್, ಏರಚ್ ಮಿಸ್ತ್ರಿ ಮುಂತಾದವರಿದ್ದರು. ಬಳಿಕ ಪುಣೆ, ಸಾಂಗ್ಲಿಗಳ ಹುಡುಗರು. ಅನಂತರ ರೈಲ್ವೆಯವರು, ಸೈನ್ಯದವರು. ಇದರಲ್ಲಿ ಆಶ್ಚರ್ಯವೇನಿಲ್ಲ. ಬಡವರ ಮಗನಿಗೆ ಪದಕವೆಂದರೆ ರೈಲ್ವೆಯ ನೌಕರಿ, ನೌಕರಿಯೆಂದರೆ ಮನೆಯಲ್ಲಿ ಎರಡು ಹೊತ್ತಿನ ಊಟ. ಈ ಲೆಕ್ಕವನ್ನು ನಮ್ಮ ವಿಜಯಪುರ, ಬಾಗಲಕೋಟೆಗಳ ಮಕ್ಕಳು ಚೆನ್ನಾಗಿ ಬಲ್ಲರು. ವಿಜಯಪುರದ ಕ್ರೀಡಾ ವಸತಿ ನಿಲಯ, ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾಶಾಲೆ ಇವು ಸೈಕಲ್ ಪಟುಗಳನ್ನು ಬೆಳೆಸುವ ಮನೆಗಳು. ಅಲ್ಲಿ ಘಟ್ಟವಿಲ್ಲ, ಎರೆಹೊಲಗಳ ನಡುವಿನ ನೇರ ರಸ್ತೆ, ಎದುರುಗಾಳಿಯೇ ಅವರ ಘಟ್ಟ. ಬೆಂಗಳೂರಿನ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ಪಂದ್ಯದಲ್ಲಿ ಭಾರತದ ಪರ ಇಳಿದರು. ಅವರು ಇಂಜಿನಿಯರಿಂಗ್ ಓದಿದವರು, ಬಂದ ದಾರಿ ಬೇರೆ.

ಅಭ್ಯಾಸಕ್ಕೆ ಜಾಗವೆಲ್ಲಿ ಎಂಬುದೇ ಈಗಿನ ಕಷ್ಟ. ನೆರೂಳಿನ ಪಾಮ್ ಬೀಚ್ ರಸ್ತೆಯಲ್ಲಿ ನಸುಕಿನಲ್ಲಿ ಸವಾರರು ಸಾಲುಗಟ್ಟುತ್ತಾರೆ. ಸಮತಟ್ಟು, ಪಕ್ಕದಲ್ಲಿ ಖಾಡಿಯ ಗಾಳಿ. 2024ರ ಫೆಬ್ರವರಿ 28ರ ಬೆಳಗ್ಗೆ ಅದೇ ರಸ್ತೆಯಲ್ಲಿ ಹಿಂದಿನಿಂದ ಬಂದ ಬಾಡಿಗೆ ಕಾರು ಅವತಾರ್ ಸೈನಿಯವರಿಗೆ ಬಡಿಯಿತು, ಅವರು ಉಳಿಯಲಿಲ್ಲ. ಪೆಂಟಿಯಂ ಎಂಬ ಗಣಕಯಂತ್ರದ ಮಿದುಳನ್ನು ರೂಪಿಸಿದವರಲ್ಲಿ ಒಬ್ಬರು, ವಯಸ್ಸು 68. ಅಷ್ಟು ದೊಡ್ಡವರ ಸಾವಾದ್ದರಿಂದ ಪತ್ರಿಕೆಗಳಲ್ಲಿ ಬಂತು. ನಮ್ಮ ಕಟ್ಟಡಗಳ ಮಕ್ಕಳೂ ಅದೇ ಅಂಚಿನಲ್ಲಿ ತುಳಿಯುತ್ತಾರೆ. ಬೆಳಗಿನ ರಸ್ತೆ ಖಾಲಿಯೆಂದು ಕಾರನ್ನು ಹಾರಿಸುವ ನಮ್ಮ ಮನೆಯ ಯಜಮಾನರಿಗೆ ಇದನ್ನು ಕಾಫಿಯ ಜೊತೆಗೇ ಹೇಳಿದರೆ ಒಳ್ಳೆಯದು.

ಘಟ್ಟವನ್ನು ಒಮ್ಮೆ ಕಣ್ಣಾರೆ ನೋಡಬೇಕೆನ್ನುವವರು ನೆರೂಳಿನಿಂದ ಠಾಣೆಗೆ ಹೋಗಿ ಖೊಪೋಲಿಯ ಲೋಕಲ್ ಹಿಡಿಯಬೇಕು. ಗಾಡಿಗಳು ವಿರಳ, ವೇಳೆ ನೋಡಿಕೊಂಡು ಹೊರಡಿ. ಮಳೆಗಾಲ ಮುಗಿದ ಮೇಲೆ ಹೋದರೆ ಬೆಟ್ಟದ ಹಸಿರು ಇನ್ನೂ ಆರಿರುವುದಿಲ್ಲ. ಬುತ್ತಿ ಕಟ್ಟಿಕೊಂಡು, ಶಿಂಗ್ರೋಬಾನಿಗೆ ಹಾಕಲು ಒಂದೆರಡು ನಾಣ್ಯ ಇಟ್ಟುಕೊಳ್ಳಿ.