ಒಂದೇ ಮನೆ, ಎರಡು ಬೌನ್ಸ್ ಚೆಕ್

ಡಿಸೆಂಬರ್ 12ರ ತಾರೀಖು ಹಾಕಿದ ಒಂದು ಚೆಕ್ ನಮ್ಮ ಮನೆಗೆ ಬಂತು. ನಮ್ಮ ಮೆಕ್ಕೆಜೋಳ ಕೊಂಡ ವ್ಯಾಪಾರಿ ಕೊಟ್ಟದ್ದು, 86,000 ರೂಪಾಯಿ. ಅದನ್ನೇ ನಂಬಿ ನಾವು ಗೊಬ್ಬರದ ಅಂಗಡಿಯ ಬಾಕಿಗೆ 32,000 ರೂಪಾಯಿ ಚೆಕ್ ಬರೆದುಕೊಟ್ಟೆವು. 19ಕ್ಕೆ ವ್ಯಾಪಾರಿಯ ಚೆಕ್ ಬೌನ್ಸ್ ಆಯಿತು. ತಿಂಗಳ ಕೊನೆಗೆ ನಮ್ಮದೂ ಆಯಿತು. ಬ್ಯಾಂಕಿನವರು ಎರಡು ಸಲವೂ ದಂಡ ಮುರಿದುಕೊಂಡರು.

ವ್ಯಾಪಾರಿಯ ಚೆಕ್ ಜೊತೆ ಬ್ಯಾಂಕ್ ಕೊಟ್ಟ ಚೀಟಿಯನ್ನು ಅಪ್ಪ ದೇವರ ಫೋಟೋ ಹಿಂದೆ ಇಟ್ಟರು. "ಪರಿಚಯದ ಮನುಷ್ಯಾ, ಕೊಡ್ತಾನ ಬಿಡು" ಅಂದರು. ನಾವೂ ಸುಮ್ಮನಾದೆವು. ಕೋರ್ಟಿನ ಸುದ್ದಿ ಬರೆದು ಪತ್ರಿಕೆಗೆ ಕಳಿಸುವ ನಮಗೇ ಆ ಚೀಟಿಯ ಬೆಲೆ ಗೊತ್ತಿರಲಿಲ್ಲ.

ಜನವರಿ 20ಕ್ಕೆ ಗೊಬ್ಬರದ ಅಂಗಡಿಯವರ ವಕೀಲರ ನೋಟಿಸ್ ಬಂತು. 15 ದಿನದೊಳಗೆ ಹಣ ಕೊಡದಿದ್ದರೆ ಕೇಸ್ ಎಂದಿತ್ತು. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅಪ್ಪ, "ಇಷ್ಟು ವರ್ಷದ ಗಿರಾಕಿಗೆ ನೋಟಿಸ್ ಕೊಡ್ತಾರ?" ಎಂದು ಸಿಟ್ಟಾದರು. ಆದರೆ ನಾವು ವ್ಯಾಪಾರಿಗೆ ಕಾಯುತ್ತಿದ್ದ ಹಾಗೆಯೇ ಅಂಗಡಿಯವರೂ ನಮಗೆ ಕಾಯುತ್ತಿದ್ದರಲ್ಲ! ತಪ್ಪು ಅವರದಲ್ಲ.

ಎರಡೂ ಕಾಗದ ಹಿಡಿದು ತಾಲ್ಲೂಕಿನ ವಕೀಲರೊಬ್ಬರ ಹತ್ತಿರ ಹೋದೆವು. ಅವರು ಹೇಳಿದ ಲೆಕ್ಕ ಇದು. ಚೆಕ್ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ, ಹಣ ಕೊಡಿ ಎಂದು ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದವರಿಗೆ 15 ದಿನ ಅವಕಾಶ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬೇಕು. ಇದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೇಸ್. ಪೊಲೀಸ್ ಠಾಣೆಗೆ ಅಲೆದರೆ ದಿನ ಹೋಗುತ್ತದೆ, ಈ ಕೇಸಿಗೆ ದೂರು ನೇರ ಕೋರ್ಟಿಗೇ ಕೊಡಬೇಕು. ನಾವು ಚೆಕ್ ಹಾಕಿದ ನಮ್ಮ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ಕೇಸ್ ನಡೆಯುತ್ತದೆ. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ.

ವ್ಯಾಪಾರಿಯ ವಿಷಯದಲ್ಲಿ ನಮ್ಮ 30 ದಿನ ಆಗಲೇ ಮುಗಿದಿತ್ತು. ಅಪ್ಪನ ಮುಖ ಸಣ್ಣಗಾಯಿತು. "ಚೆಕ್‌ಗೆ ಇನ್ನೂ ಮೂರು ತಿಂಗಳು ಆಗಿಲ್ಲ. ಇನ್ನೊಮ್ಮೆ ಬ್ಯಾಂಕಿಗೆ ಹಾಕ್ರಿ" ಎಂದರು ವಕೀಲರು. ಹಾಕಿದೆವು. ಮತ್ತೆ ಬೌನ್ಸ್ ಆಯಿತು. ಹೊಸ ಚೀಟಿ ಸಿಕ್ಕಿತು, ಹೊಸ 30 ದಿನವೂ ಸಿಕ್ಕಿತು. ಜನವರಿ 30ಕ್ಕೆ ನೋಟಿಸ್ ಕಳಿಸಿ ಅಂಚೆಯ ರಸೀದಿ ಜೋಪಾನ ಮಾಡಿದೆವು.

ನಮ್ಮ ಚೆಕ್ ಕಥೆ ಬೇರೆ. ವ್ಯಾಪಾರಿ ಕೈಕೊಟ್ಟ ಎಂದು ನಾವು ಅಂಗಡಿಯವರಿಗೆ ಹೇಳುವಂತಿರಲಿಲ್ಲ. ಸಹಿ ನಮ್ಮದು ಎಂದ ಮೇಲೆ, ಸಾಲ ಇತ್ತು ಎಂದೇ ಕೋರ್ಟ್ ಮೊದಲಿಗೆ ನಂಬುತ್ತದೆ. ಇರಲಿಲ್ಲ ಎಂದು ತೋರಿಸುವ ಭಾರ ಸಹಿ ಹಾಕಿದವರ ಮೇಲೆ. ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟು, ಮೊತ್ತ ಬರೆದವರು ಬೇರೆಯವರು ಎಂದರೂ ಅಷ್ಟಕ್ಕೇ ಬಿಡುಗಡೆ ಇಲ್ಲ. ಕೊಡಬೇಕಾದ ಬಾಕಿ ಇಟ್ಟುಕೊಂಡು ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಬರೆದುಕೊಟ್ಟರೂ ಕೇಸ್ ತಪ್ಪದು.

ಅವ್ವ ಮಾತಾಡದೆ ಬೋರಮಾಳ ಸರ ತೆಗೆದುಕೊಟ್ಟಳು. ಅಡವಿಟ್ಟು ಫೆಬ್ರುವರಿ 2ಕ್ಕೆ ಅಂಗಡಿಗೆ ಹಣ ಕಟ್ಟಿದೆವು. ಚೆಕ್ ವಾಪಸ್ ಪಡೆದು ರಸೀದಿ ಬರೆಸಿಕೊಂಡೆವು. ಅಂಗಡಿಯವರು ಚಹಾ ತರಿಸಿದರು. "ನಮಗೂ ಕಂಪನಿಯವ್ರು ಬೆನ್ನು ಹತ್ಯಾರ್ರಿ" ಎಂದರು.

ವ್ಯಾಪಾರಿ 16ಕ್ಕೆ ಮನೆಗೆ ಬಂದ. "ನೋಟಿಸ್ ಯಾಕ್ರಿ ಕಾಕಾ, ಫೋನ್ ಮಾಡಿದ್ರ ಸಾಕಿತ್ತು" ಎಂದ. ಅಪ್ಪ ಎಷ್ಟು ಸಲ ಫೋನ್ ಮಾಡಿದ್ದರೋ ಅವರಿಗೇ ಗೊತ್ತು. 50,000 ರೂಪಾಯಿ ಖಾತೆಗೆ ಹಾಕಿ, ಚೆಕ್ ಕೊಡಿ ಎಂದು ಕೇಳಿದ. ಅಪ್ಪ ಕೊಡಲು ಎದ್ದರು, ನಾವು ಬೇಡ ಎಂದೆವು. ಪೂರ್ತಿ ಹಣ ಬರುವವರೆಗೆ ಚೆಕ್, ಚೀಟಿ ಎರಡೂ ನಮ್ಮ ಹತ್ತಿರವೇ ಇರಬೇಕು. ವಕೀಲರು ದೂರಿನ ಕಾಗದ ತಯಾರಿಟ್ಟರು. ಉಳಿದದ್ದು ಮಾರ್ಚ್ 9ಕ್ಕೆ ಬಂತು. ಆ ದಿನವೇ ಚೆಕ್ ಅವನ ಕೈಗೆ ಕೊಟ್ಟೆವು.

ಬೋರಮಾಳ ಬಿಡಿಸಿ ತಂದೆವು. ಅಡವಿನ ಬಡ್ಡಿ ಮಾತ್ರ ನಮ್ಮ ಸುಮ್ಮನಿರುವಿಕೆಗೆ ಬಿದ್ದ ದಂಡ.

ನಿಮ್ಮ ಮನೆಯಲ್ಲೂ ಅಂಥ ಚೀಟಿ ಇದ್ದರೆ ಇವತ್ತೇ ತಾರೀಖು ನೋಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವಿದೆ. ಇನ್ನು ನಿಮ್ಮದೇ ಚೆಕ್ ಬೌನ್ಸ್ ಆಗಿ ನೋಟಿಸ್ ಬಂದಿದ್ದರೆ, ತೆಗೆದುಕೊಳ್ಳದೆ ವಾಪಸ್ ಕಳಿಸಬೇಡಿ. ಆ 15 ದಿನ ನಿಮ್ಮ ಹೆಸರು ಉಳಿಸಿಕೊಳ್ಳಲು ಕಾನೂನು ಕೊಟ್ಟ ಗಡುವು.