ಬಾಲದ ಕೆಳಗಿನ ಮಾತು

ನಾಯಿ ಸಾಕಿದವರು ಅದರ ಕಣ್ಣಿನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ಕಿವಿ, ಮೂತಿ, ಬಾಲ ಅಲ್ಲಾಡಿಸುವ ರೀತಿ, ಎಲ್ಲಕ್ಕೂ ಕತೆಗಳಿವೆ. ಬಾಲದ ಕೆಳಗೆ ಬಂದಾಗ ಮಾತ್ರ ಮಾತು ನಿಂತುಬಿಡುತ್ತದೆ. ಈ ಸಲದ ಬರಹ ಆ ಜಾಗದ ಬಗ್ಗೆ. ಊಟದ ತಟ್ಟೆ ಮುಂದಿಟ್ಟುಕೊಂಡು ಓದುತ್ತಿದ್ದರೆ ಊಟ ಮುಗಿಸಿಯೇ ಮುಂದುವರಿಸಿ.

ನಾವಿರುವುದು ಚೆನ್ನೈನ ಉತ್ತರ ತುದಿಯ ಮಾಧವರಂನಲ್ಲಿ. 2011ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಊರು ಇದು. ಇಲ್ಲಿ ಪ್ರಾಣಿಗಳ ನಂಟು ಹಳೆಯದು. ಹಾಲಿನ ಕಾಲೋನಿ ಅಂತಲೇ ಒಂದು ಬಡಾವಣೆಯ ಹೆಸರು. 1989ರಲ್ಲಿ ಶುರುವಾದ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಇಲ್ಲೇ. ಇಷ್ಟಿದ್ದರೂ ನಾಯಿ ನೆಲಕ್ಕೆ ಅಂಡು ಉಜ್ಜಿಕೊಂಡು ತೆವಳಿದರೆ ನಮ್ಮ ಬೀದಿಯಲ್ಲಿ ಎಲ್ಲರ ಉತ್ತರ ಒಂದೇ: "ಪೂಚ್ಚಿ!" ಹೊಟ್ಟೆಹುಳು. ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತಂದು ನುಂಗಿಸಿದರೆ ಮುಗಿಯಿತು.

ನಮ್ಮ ಕೆಂಚ ಲಾರಿ ನಿಲ್ದಾಣದ ಹತ್ತಿರ ಸಿಕ್ಕ ಬೀದಿನಾಯಿ ಮರಿ. ಈಗ ಒಂಬತ್ತು ವರ್ಷ. ಕಳೆದ ಮಳೆಗಾಲದಲ್ಲಿ ಅವನೂ ಹೀಗೆ ತೆವಳತೊಡಗಿದ. ಹುಳುವಿನ ಔಷಧಿ ಆಗಷ್ಟೇ ಆಗಿತ್ತು. ಕೂತವನು ಚೇಳು ಕುಟುಕಿದಂತೆ ಥಟ್ಟನೆ ಎದ್ದು ಬಾಲದ ಬುಡ ನೋಡಿಕೊಳ್ಳುವನು, ರಾತ್ರಿಯೆಲ್ಲ ನೆಕ್ಕುವನು. ಮೂರನೇ ದಿನ ವಾಸನೆ ಶುರುವಾಯಿತು. ಕಾಸಿಮೇಡಿನ ಮೀನು ಮಾರುಕಟ್ಟೆಯನ್ನು ಒಂದು ಡಬ್ಬಿಯಲ್ಲಿ ವಾರ ಮುಚ್ಚಿಟ್ಟು ತೆಗೆದಂಥ ವಾಸನೆ. ಎರಡು ಕೋಣೆಯ ಮನೆ, ಹೊರಗೆ ಬಿಡದ ಮಳೆ, ಕಿಟಕಿ ತೆಗೆಯುವ ಹಾಗಿಲ್ಲ.

ಅಮ್ಮ ಮೂಗಿಗೆ ಸೆರಗು ಹಿಡಿದು ಹೇಳಿದಳು, "ದೇವರ ಗೂಡಿರೋ ಮನೇಲಿ ಇದು ಆಗೋದಿಲ್ಲ ಕಣೋ. ಗೇಟಿನಾಚೆ ಕಟ್ಟು. ಇಲ್ಲಾ ಯಾರಿಗಾದ್ರೂ ಕೊಟ್ಟುಬಿಡು."

ಅಮ್ಮನಿಗೆ ಎಪ್ಪತ್ತೆಂಟು. ಅವಳು ಸುಮ್ಮನೆ ಹೇಳುವವಳಲ್ಲ. ಒಂಬತ್ತು ವರ್ಷ ಮನೆಯೊಳಗೇ ಮಲಗಿದ ನಾಯಿಯನ್ನು ಆ ಮಳೆಯಲ್ಲಿ ಹೊರಗೆ ಕಟ್ಟುವುದು ನನ್ನಿಂದ ಆಗುವಂಥದ್ದಲ್ಲ. ಮರುದಿನ ಬೆಳಿಗ್ಗೆ ಆಟೋದವನಿಗೆ ಜಾಸ್ತಿ ಕೊಟ್ಟು ಕೆಂಚನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೈಗವಸು ಹಾಕಿಕೊಂಡು ಜೆಲ್ಲಿ ಸವರಿ, ಒಂದು ಬೆರಳು ಒಳಗೆ, ಹೆಬ್ಬೆರಳು ಹೊರಗೆ ಇಟ್ಟು ಮೆತ್ತಗೆ ಮುಟ್ಟಿ ನೋಡಿದರು. ಆಮೇಲೆ ಕಾಗದದ ಮೇಲೆ ಒಂದು ಗಡಿಯಾರ ಬರೆದರು. ಗುದದ್ವಾರವೇ ಗಡಿಯಾರ ಅಂದುಕೊಂಡರೆ ನಾಲ್ಕು ಮತ್ತು ಎಂಟು ಗಂಟೆಯ ಜಾಗದಲ್ಲಿ ಚರ್ಮದ ಒಳಗೆ ಎರಡು ಪುಟ್ಟ ಚೀಲಗಳಿರುತ್ತವೆ. ಗೋಡೆಯಲ್ಲಿರುವ ಗ್ರಂಥಿಗಳಿಂದ ನಾರುವ ದ್ರವ ಜಿನುಗಿ ಅವುಗಳಲ್ಲಿ ತುಂಬುತ್ತದೆ. ನಾಯಿಗೆ ಅದು ಗುರುತಿನ ಚೀಟಿ. ಎರಡು ನಾಯಿಗಳು ಎದುರಾದಾಗ ಹಿಂದೆ ಮೂಸುವುದು ಇದನ್ನು ಓದುವುದಕ್ಕೂ ಹೌದು. ಗಟ್ಟಿ ಮಲ ಹೊರಬರುವಾಗ ಚೀಲದ ಮೇಲೆ ಒತ್ತಡ ಬಿದ್ದು, ಸಣ್ಣ ನಾಳದಿಂದ ದ್ರವ ಖಾಲಿಯಾಗಬೇಕು. ಮಲ ಮೆತ್ತಗಿದ್ದರೆ ಆ ಒತ್ತಡ ಸಾಲುವುದಿಲ್ಲ. ದ್ರವ ಉಳಿದು ಅಂಟಿನಂತೆ ಗಟ್ಟಿಯಾಗುತ್ತದೆ, ನಾಳ ಕಟ್ಟುತ್ತದೆ, ಸೋಂಕು ಸೇರುತ್ತದೆ, ಕೀವಾಗುತ್ತದೆ. ಕೊನೆಗೆ ಗುದದ ಪಕ್ಕದ ಚರ್ಮವನ್ನೇ ಒಡೆದುಕೊಂಡು ಸುರಿಯುತ್ತದೆ. ಇನ್ನೊಂದು ನಾಯಿ ಕಚ್ಚಿದ ಗಾಯ ಅಂತ ಅರಿಶಿನ ಮೆತ್ತಿಕೊಂಡು ಬರುವವರಿದ್ದಾರಂತೆ.

ಕೆಂಚನ ಎಡಗಡೆಯ ಚೀಲ ಒಡೆಯುವ ಹಂತಕ್ಕೆ ಬಂದಿತ್ತು. ಮಂಪರು ಕೊಟ್ಟು, ಚೀಲ ಖಾಲಿ ಮಾಡಿ ತೊಳೆದರು. ಸೋಂಕಿಗೂ ನೋವಿಗೂ ಔಷಧಿ ಬರೆದುಕೊಟ್ಟರು. ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಆಲಿಕೆ ಕಟ್ಟಿದರು. ಮನೆಯಲ್ಲಿ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಶಾಖ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಆಮೇಲೆ ಡಾಕ್ಟರಮ್ಮ ಕೇಳಿದ್ದು ತಟ್ಟೆಯ ಲೆಕ್ಕ. ಮೊಸರನ್ನ, ಹಾಲು, ಚಹಾ ಹೊತ್ತಿಗೆ ಬಿಸ್ಕತ್ತು. ಬೀದಿಗೆ ಒಂದರಂತೆ ಈ ಊರಿನ ಮುದ್ದಿನ ನಾಯಿಗಳೆಲ್ಲ ಉಣ್ಣುವುದು ಇದನ್ನೇ. ಬೆಳೆದ ಎಷ್ಟೋ ನಾಯಿಗಳಿಗೆ ಹಾಲು ಸರಿಯಾಗಿ ಅರಗುವುದಿಲ್ಲ, ಮಲ ಮೆತ್ತಗಾಗುತ್ತದೆ. ಮೈ ಬಂದರೆ ಆ ಜಾಗದ ಹಿಡಿತ ಸಡಿಲವಾಗುತ್ತದೆ. ಇದರ ಜೊತೆಗೆ ಚರ್ಮದ ಅಲರ್ಜಿ. ಸದಾ ಸೆಕೆ, ತೇವ, ಚಿಗಟ ಇರುವ ಈ ಊರಿನಲ್ಲಿ ಕಿವಿ, ಪಂಜ ಕೆರೆದುಕೊಳ್ಳುವ ನಾಯಿಗೆ ಬಾಲದ ಬುಡದಲ್ಲೂ ಉರಿಯೂತವಾಗುವುದು ಅಪರೂಪವಲ್ಲ. ಹಾಗಾಗಿ ಚೀಲ ಮತ್ತೆ ಮತ್ತೆ ತುಂಬುತ್ತಿದ್ದರೆ ಬರೀ ಚೀಲ ನೋಡಿದರೆ ಸಾಲದು. ತಟ್ಟೆ, ತೂಕ, ಚರ್ಮ ಮೂರನ್ನೂ ನೋಡಬೇಕು.

ಮೊಸರನ್ನ ನಿಂತಿತು. ಬೇಯಿಸಿದ ಸಿಹಿಗುಂಬಳ, ಉಪ್ಪು, ಎಣ್ಣೆ, ಒಗ್ಗರಣೆ ಏನೂ ಇಲ್ಲದೆ, ದಿನಕ್ಕೆ ಎರಡು ಚಮಚ ಸೇರಿತು. ಕೆಲವು ನಾಯಿಗಳಿಗೆ ಇಸಬ್‌ಗೋಲ್ ಹೊಟ್ಟನ್ನು ಚೆನ್ನಾಗಿ ನೀರು ಬೆರೆಸಿ ಕೊಡುತ್ತಾರೆ. ಅಳತೆ ನಾಯಿಯ ತೂಕದ ಮೇಲೆ, ಡಾಕ್ಟರನ್ನು ಕೇಳಿಯೇ. ಯಾವುದನ್ನೂ ಒಂದೇ ದಿನಕ್ಕೆ ಬದಲಿಸಬಾರದು. ಉಳಿದ ಹುಳಿ, ಸಾಂಬಾರು ಬೇಡವೇ ಬೇಡ, ಈರುಳ್ಳಿ ನಾಯಿಗೆ ವಿಷ.

ಇನ್ನೊಂದು ಮಾತನ್ನು ಅವರು ಒತ್ತಿ ಹೇಳಿದರು. ಸ್ನಾನ ಮಾಡಿಸುವ ಅಂಗಡಿಗಳಲ್ಲಿ ಉಗುರು ಕತ್ತರಿಸಿದಷ್ಟೇ ಸಲೀಸಾಗಿ ಈ ಚೀಲವನ್ನೂ ಹಿಂಡುತ್ತಾರೆ. ತೊಂದರೆಯೇ ಇಲ್ಲದ ನಾಯಿಗೆ ಅದು ಬೇಕಿಲ್ಲ. ಪದೇ ಪದೇ ಒರಟಾಗಿ ಹಿಂಡಿದರೆ ನಾಳ ಊದಿಕೊಂಡು, ಇಲ್ಲದ ಕಾಯಿಲೆ ಬರಬಹುದು. ನೋಡಿ ಕಲಿಯದೆ ಮನೆಯಲ್ಲೂ ಮಾಡಬಾರದು. ಏನು ಮಾಡಿದರೂ ಮರುಕಳಿಸುವ ನಾಯಿಗಳಿಗೆ ಚೀಲವನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಅಲ್ಲಿನ ನರಕ್ಕೆ ಪೆಟ್ಟಾದರೆ ಮಲ ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗಬಹುದು, ಅದಕ್ಕೇ ಅದು ಕೊನೆಯ ದಾರಿ.

ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಬೇಕಿತ್ತು. ಗಡಿಯಾರದ ಚಿತ್ರ ನೋಡಲು ಅವಳು ಒಪ್ಪಲಿಲ್ಲ. ನಾನು ಪುನುಗಿನ ಮಾತು ತೆಗೆದೆ. ತಿರುಪತಿ ಬಸ್ಸು ಹೊರಡುವುದು ನಮ್ಮ ಮಾಧವರಂ ನಿಲ್ದಾಣದಿಂದಲೇ, ಅಮ್ಮ ವರ್ಷಕ್ಕೊಮ್ಮೆಯಾದರೂ ಹತ್ತುತ್ತಾಳೆ. ತಿಮ್ಮಪ್ಪನಿಗೆ ಶುಕ್ರವಾರದ ಅಭಿಷೇಕದ ಮೇಲೆ ಪುನುಗು ಲೇಪಿಸುತ್ತಾರೆ ಅನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. "ಆ ಪುನುಗು ಬೆಕ್ಕಿಗೆ ಅದು ಎಲ್ಲಿಂದ ಬರುತ್ತೆ ಹೇಳಮ್ಮ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬಾಲದ ಕೆಳಗೆ," ಅಂದಳು. ಪುನುಗಿನದು ಬೇರೆ ಗ್ರಂಥಿ, ನಾಯಿಯ ಚೀಲವಲ್ಲ, ಆದರೆ ನೆರೆಹೊರೆ ಅಂತ ನಾನೇ ತಿದ್ದಿದೆ. ಅವಳು ನನ್ನ ಮಾತು ಮುಗಿಯುವ ಮೊದಲೇ ಎದ್ದು ಹೋಗಿ, ಶಾಖದ ನೀರಿಗೆ ಒಲೆ ಹಚ್ಚಿದಳು. ಬಟ್ಟೆ ಮಾತ್ರ ನೀನೇ ಹಿಡಿ ಅಂದಳು.

ಹೇಸಿಗೆ ಒಮ್ಮೆಗೇ ಹೋಗುವುದಿಲ್ಲ. ಅಪ್ಪ ಹಾಸಿಗೆ ಹಿಡಿದ ಕೊನೆಯ ಎಂಟು ತಿಂಗಳು ನಮ್ಮ ಮನೆಯಲ್ಲಿ ಯಾರೂ ಮೂಗು ಮುಚ್ಚಿಕೊಂಡಿರಲಿಲ್ಲ. ಅದನ್ನು ಅಮ್ಮನಿಗೆ ನಾನು ನೆನಪಿಸಲಿಲ್ಲ, ಅವಳೂ ಎತ್ತಲಿಲ್ಲ. ಶಾಖ ಕೊಡುವ ಹತ್ತು ದಿನವೂ ಅವಳು ಬಾಗಿಲ ಹತ್ತಿರ ಕೂತು ಕೆಂಚನ ಆಲಿಕೆಯೊಳಗೆ ಕೈ ಹಾಕಿ ಗಲ್ಲ ಕೆರೆಯುತ್ತಿದ್ದಳು.

ನಿಮ್ಮ ಮನೆಯಲ್ಲೂ ವಯಸ್ಸಾದ ನಾಯಿ ಇದ್ದರೆ ಇದೊಂದನ್ನು ಗಮನದಲ್ಲಿಡಿ. ಈ ಚೀಲಗಳಲ್ಲಿ ಕ್ಯಾನ್ಸರ್ ಕೂಡ ಬರುತ್ತದೆ. ಬಹಳಷ್ಟು ಸಲ ಹೊರಗೆ ಏನೂ ಕಾಣುವುದಿಲ್ಲ. ಒಂದೇ ಪಕ್ಕದಲ್ಲಿ ಗಂಟು, ಮಲ ಹೊರಬರಲು ತಿಣುಕುವುದು, ವಿಪರೀತ ನೀರು ಕುಡಿದು ಪದೇ ಪದೇ ಮೂತ್ರ ಮಾಡುವುದು ಕಂಡರೆ ತಡಮಾಡಬೇಡಿ. ಆ ಗೆಡ್ಡೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುವುದರಿಂದ ಬಾಯಾರಿಕೆ ಹೆಚ್ಚುತ್ತದೆ. ವರ್ಷದ ಲಸಿಕೆಗೆ ಹೋದಾಗ ಬೆರಳಿಟ್ಟು ಒಮ್ಮೆ ಪರೀಕ್ಷಿಸಿ ಅಂತ ಕೇಳಿ. ಕೇಳಲು ಸಂಕೋಚವಾಗುತ್ತದೆ, ಪರೀಕ್ಷೆಗೆ ಒಂದು ನಿಮಿಷವೂ ಬೇಡ.

ಕೆಂಚನ ಬಲಗಡೆ ಈಗಲೂ ಆಗಾಗ ತುಂಬುತ್ತದೆ, ಆದರೆ ಕೀವಾಗಿಲ್ಲ. ಎರಡೂವರೆ ಕಿಲೋ ಇಳಿದಿದ್ದಾನೆ. ಬೆಳಗಿನ ವಾಕಿಂಗಿಗೆ ಅಮ್ಮನೂ ಬೀದಿಯ ತಿರುವಿನವರೆಗೆ ಬರುತ್ತಾಳೆ. ಕಾಗದದಲ್ಲಿ ಎತ್ತುವುದು ನನ್ನ ಕೆಲಸ, ತೀರ್ಪು ಅವಳದು. ವಾಪಸ್ಸು ಬಂದು ನನ್ನ ಹೆಂಡತಿಗೆ ಅಡುಗೆಮನೆಯ ಬಾಗಿಲಲ್ಲೇ ವರದಿ ಒಪ್ಪಿಸುತ್ತಾಳೆ: "ಇವತ್ತು ಗಟ್ಟಿ ಇತ್ತು ಕಣೇ. ಕುಂಬಳ ಮುಗೀತಾ ಬಂತು, ತರಿಸು."